ನಲವತ್ತೊಂದನೆಯ ನಿಯಮ

ಫೆಬ್ರವರಿ 6

ಮುಗುಮ್ಮನಿಗೆ,

ಮೊದಲು ‘ತಮ್ಮಾ’ ಎಂದು ಬರೆದೆ. ಹೊಡೆದು ಹಾಕಿದೆ. ಆಮೇಲೆ ಆ ಹಾಳೆಯನ್ನೇ ಹರಿದು ಇನ್ನೊಂದು ತೆಗೆದುಕೊಂಡೆ. ಕಾರ್ಖಾನೆಯಲ್ಲಿ ನಿನಗಿದ್ದ ಅಡ್ಡಹೆಸರೇ ಸರಿ. ಇಡೀ ದಿನ ತುಟಿ ಬಿಚ್ಚದೆ ಕೂತಿರುತ್ತಿದ್ದ ನಿನಗೆ ಮುಗುಮ್ಮ, ಮೂರು ಮಹಡಿಗೆ ಕೇಳುವಂತೆ ಮಾತಾಡುತ್ತಿದ್ದ ನನಗೆ ಗುಡುಗಮ್ಮ. ಗುಡುಗಿಗೆ ಈಗ ಅರವತ್ತಾರು. ಸದ್ದು ಇಳಿದಿಲ್ಲ, ಕೇಳಿಸಿಕೋ.

ಇದನ್ನು ಇಮೇಲಿನಲ್ಲಿ ಬರೆಯಬಹುದಿತ್ತು. ಬರೆದರೆ ನೀನು ಎರಡು ಸಾಲು ಒಗೆದು ಕೈ ತೊಳೆದುಕೊಳ್ಳುತ್ತೀಯ. ಕಾಗದವಾದರೆ ಲಕೋಟೆ ಒಡೆಯಬೇಕು, ಮಡಿಕೆ ಬಿಡಿಸಬೇಕು, ಕೂತು ಓದಬೇಕು. ಕೂತುಕೋ.

ವಾರಕ್ಕೆರಡು ದಿನ ಇಲ್ಲಿನ ಕಾಲೇಜಿನ ಲ್ಯಾಬಿಗೆ ಹೋಗಿ ಪಾಠ ಹೇಳುತ್ತೇನೆ. ನಿನ್ನೆ ಅಲ್ಲಿನ ಸಹಾಯಕಿ ಕುಣಿಯುತ್ತ ಬಂದಳು. "ಮೇಡಂ, ಮೊರ ಅಂತ ಒಂದು ಟೂಲ್ ಇದೆ, ನೋಡಿದೀರಾ? ನಾವು ಬರೆದ ಪ್ರೋಗ್ರಾಂ ಅದಕ್ಕೆ ಕೊಟ್ರೆ ಸಾಕು, ಓಡಿಸೋಕೆ ಮುಂಚೇನೇ ಎಲ್ಲಿ ಎಡವಟ್ಟು ಆಗುತ್ತೆ ಅಂತ ಕೇರಿ ತೆಗೆದು ತೋರಿಸುತ್ತೆ. ಬಿಟ್ಟಿ. ಅದರ ಒಳಗಿನ ಬರಹ ಕೂಡ ಎಲ್ಲರಿಗೂ ತೆರೆದಿಟ್ಟಿದಾರೆ, ಯಾರು ಬೇಕಾದ್ರೂ ತಗೊಂಡು ತಿದ್ದಬಹುದು." ನಾನು ಕನ್ನಡಕ ಒರೆಸಿಕೊಂಡು ಅವಳ ಪರದೆಯ ಮುಂದೆ ಕೂತೆ. ಮೊದಲ ನಿಯಮ: ತೆರೆದ ಬ್ರಾಕೆಟ್ಟು ಮುಚ್ಚಿದೆಯೇ. ಎರಡನೆಯದು: ಹೆಸರಿಟ್ಟ ವಸ್ತುವಿಗೆ ಬೆಲೆ ಕೊಡದೆ ಬಳಸಿದ್ದೀರಾ. ಮೂರು. ನಾಲ್ಕು. ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹತ್ತನೆಯದು ಏನಿರುತ್ತದೆಂದು ಪುಟ ತಿರುಗಿಸುವ ಮೊದಲೇ ಜೋರಾಗಿ ಹೇಳಿದೆ. ಅದೇ ಇತ್ತು. ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಹಾಯಕಿ ನನ್ನನ್ನು ಮಂತ್ರವಾದಿ ಎಂದುಕೊಂಡಳು.

ಇದು ಜರಡಿ. ನಮ್ಮ ಜರಡಿ. ಲಿಫ್ಟ್ ಕಾರ್ಖಾನೆಯಲ್ಲಿ, ತಂತಿ ಸುತ್ತುವ ಶೆಡ್ಡಿನ ಮೇಲಿನ ಆ ಕೋಣೆಯಲ್ಲಿ, ಕೆಳಗಿನ ಯಂತ್ರಕ್ಕೆ ನೆಲವೆಲ್ಲ ಗಡಗಡ ಎನ್ನುವಾಗ, ಹನ್ನೆರಡು ವರ್ಷ ಕೂತು ನಾವು ಕಟ್ಟಿದ್ದು. ಅದೇ ಸಾಲು, ಅದೇ ಕ್ರಮ. ಸೀರೆ ಬದಲಿಸಿ ರಂಗಕ್ಕೆ ಕರೆತಂದರೆ ಪಾತ್ರಧಾರಿ ಬದಲಾಗುತ್ತಾಳೇನೋ?

ಅದರ ಮುಖಪುಟದಲ್ಲಿ ನಿನ್ನ ಹೆಸರು. ಹೆಸರಿನ ಕೆಳಗೆ ‘ಶೂನ್ಯದಿಂದ ಕಟ್ಟಿದ್ದು’ ಎಂಬ ಎರಡು ಪದ. ಆ ಶೂನ್ಯದಲ್ಲಿ ನಾನು ಕೂತಿದ್ದೆ ಕಣೋ. ಸೂಕ್ಷ್ಮವಾಗಿ ನೋಡಿದ್ದರೆ ಕಾಣುತ್ತಿದ್ದೆ. ಪ್ರತಿ ನಿಯಮದ ಕೆಳಗೆ ನಾವು ಬರೆಯುತ್ತಿದ್ದ ಟಿಪ್ಪಣಿಗಳೂ ಒಂದಿಲ್ಲ. ಎಲ್ಲ ಬೋಳಿಸಿಟ್ಟಿದ್ದೀಯ.

ಉತ್ತರ ಬರೆ. ಕೈಯಲ್ಲಿ ಬರೆ.

ಗುಡುಗಮ್ಮ


ಫೆಬ್ರವರಿ 19

ಅಕ್ಕನವರಿಗೆ,

ಕಾಗದ ಸಿಕ್ಕಿತು. ಕೂತೇ ಓದಿದೆ.

ಕೆಲವು ವಿಷಯ ಸ್ಪಷ್ಟ ಮಾಡಬೇಕು. ಮೊರದಲ್ಲಿ ಜರಡಿಯ ಒಂದು ಸಾಲನ್ನೂ ನಾನು ನಕಲು ಮಾಡಿಲ್ಲ. ಮಾಡಬೇಕೆಂದರೂ ಆಗುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ ವಾರ ಆ ಕೋಣೆಯ ಕಾಗದವೆಲ್ಲ ರದ್ದಿಗೆ ಹೋಯಿತು. ಜರಡಿ ಓಡುತ್ತಿದ್ದ ಯಂತ್ರವನ್ನು ಬಿಚ್ಚಿ ಹಾಕಿದರು. ಈಗಿನ ಯಂತ್ರಕ್ಕೆ, ಈಗಿನ ಭಾಷೆಗೆ, ನಾಲ್ಕು ವರ್ಷ ಬಿಡುವಿನ ಭಾನುವಾರಗಳಲ್ಲಿ ಕೂತು ಹೊಸದಾಗಿ ಬರೆದಿದ್ದೇನೆ. ಜರಡಿ ನಮ್ಮ ಕೋಣೆಯ ಹೊರಗೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ, ಕಾರ್ಖಾನೆಯ ಬೀಗದೊಳಗೇ ಸತ್ತಿತು. ಮೊರವನ್ನು ನಾನು ಕಂಡವರಿಗೆಲ್ಲ ಕೊಟ್ಟಿದ್ದೇನೆ. ಯಾವ ದೇಶದವರೋ ನಾನು ಕಾಣದವರು ಬಂದು ತಿದ್ದಿ ಹೋಗುತ್ತಾರೆ. ಇದನ್ನು ಕಳ್ಳತನ ಎನ್ನುವುದಾದರೆ ಕದ್ದ ಮಾಲನ್ನು ಬೀದಿಯಲ್ಲಿ ಹಂಚುವ ಕಳ್ಳನನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಿಯಮಗಳ ಕ್ರಮ ಅದೇ ಇರುವುದು ನಿಜ. ನೆನಪಿನಿಂದ ಬರೆದೆ, ನೆನಪು ಆ ಕ್ರಮದಲ್ಲೇ ಇತ್ತು. ಆದರೆ ಜರಡಿಯನ್ನೂ ನೀವು ಗಾಳಿಯಿಂದ ತಂದಿರಲಿಲ್ಲ. ನಾವು ಸೇರುವ ಮೊದಲೇ ಟೇಪ್ ಕೋಣೆಯ ಅಜ್ಜ ಬ್ರಾಕೆಟ್ಟು ಎಣಿಸುವ ಒಂದು ಪುಟ್ಟ ಪ್ರೋಗ್ರಾಂ ಇಟ್ಟುಕೊಂಡಿದ್ದ. ಅದರ ಮೇಲೆ ನೀವು ಕಟ್ಟಿದಿರಿ. ನಿಮ್ಮದರ ಮೇಲೆ ನಾನು ಕಟ್ಟಿದೆ. ನಾಳೆ ಇನ್ನೊಬ್ಬರು ಕಟ್ಟುತ್ತಾರೆ. ಈ ಕಸುಬು ನಡೆದು ಬಂದಿರುವುದೇ ಹೀಗೆ.

ಆದರೂ ‘ಶೂನ್ಯದಿಂದ’ ಎಂದದ್ದು ಸರಿಯಲ್ಲ, ಒಪ್ಪಿದೆ. ಅದನ್ನು ತೆಗೆದು ‘ಜರಡಿ ಎಂಬ ಹಳೆಯ ಸಾಧನದಿಂದ ಬೆಳೆದದ್ದು’ ಎಂದು ಬರೆದಿದ್ದೇನೆ. ಕರ್ತೃಗಳ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮೊದಲಿಗೆ ಹಾಕಿದ್ದೇನೆ. ನಿಮಗೆ ಇಷ್ಟು ಸಾಕೆಂದುಕೊಂಡಿದ್ದೇನೆ. ಟಿಪ್ಪಣಿಗಳು ಇಂದು ಬಳಸುವವರಿಗೆ ಬೇಡದ ಮಾತು.

ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮುಗುಮ್ಮ


ಫೆಬ್ರವರಿ 27

ಮುಗುಮ್ಮ,

ಹೆಸರು ಹಾಕಿದೆಯಂತೆ. ಕಿತ್ತು ಹಾಕು ಅದನ್ನು. ನಾಟಕ ಮುಗಿದ ಮೇಲೆ ಹಾರ ಹಾಕಿಸಿಕೊಳ್ಳಲು ನಿಂತವಳೆಂದುಕೊಂಡೆಯಾ ನನ್ನನ್ನು? ಹನ್ನೆರಡು ವರ್ಷ ಪಕ್ಕದ ಮೇಜಿನಲ್ಲಿ ಕೂತು ನೀನು ನನ್ನನ್ನು ಅರ್ಥ ಮಾಡಿಕೊಂಡದ್ದು ಇಷ್ಟೇ ಆದರೆ, ಮಾತಾಡದವರು ಆಳವಾಗಿ ಯೋಚಿಸುತ್ತಾರೆ ಎಂದು ನಾನು ನಂಬಿದ್ದು ಬರೀ ಭ್ರಮೆ.

ಅಜ್ಜನ ಮಾತೆತ್ತಿದೆ. ಒಳ್ಳೆಯದಾಯಿತು. ಜರಡಿಯ ಒಂದನೆಯ ನಿಯಮದ ಕೆಳಗಿನ ಟಿಪ್ಪಣಿ ನೆನಪಿದೆಯೋ, ಅದನ್ನೂ ರದ್ದಿಗೆ ಹಾಕಿದೆಯೋ? "ಈ ಎಣಿಕೆ ಟೇಪ್ ಕೋಣೆಯ ಅಜ್ಜನದು. ನಾವು ಬಂದಾಗಲೇ ಇತ್ತು. ನಾವು ಮುಟ್ಟಿ ಎರಡು ಸಲ ಕೆಡಿಸಿದ್ದೇವೆ." ಅಜ್ಜನ ಋಣ ಅಲ್ಲೇ ಬರೆದಿತ್ತು, ಪಟ್ಟಿಯ ಮೇಲಿನ ಹಾರವಾಗಿ ಅಲ್ಲ.

ಟಿಪ್ಪಣಿ ಬೇಡದ ಮಾತು ಎಂದೆ. ಮರೆತವನಿಗೆ ಮತ್ತೊಮ್ಮೆ ಹೇಳುತ್ತೇನೆ. ನಮ್ಮ ಕೋಣೆಯಲ್ಲಿ ಒಂದೇ ಒಂದು ಕಟ್ಟಳೆ ಇತ್ತು. ಯಾರ ಪ್ರೋಗ್ರಾಮಿನಿಂದ ಎಡವಟ್ಟಾಯಿತೋ ಅವರೇ, ಅಂಥದ್ದು ಮತ್ತೆ ನುಸುಳದಂತೆ ಜರಡಿಗೆ ಒಂದು ನಿಯಮ ಬರೆಯಬೇಕು. ಅದರ ಕೆಳಗೆ ಏನಾಯಿತು, ಯಾಕಾಯಿತು ಎಂದು ನಾಲ್ಕು ಸಾಲು. ಕೊನೆಗೆ ಸಹಿ. ಹೊಸಬರು ಸೇರಿದ ದಿನ ಮೊದಲು ಓದುತ್ತಿದ್ದದ್ದು ಅದನ್ನೇ. ಜರಡಿಯ ಒಂದೊಂದು ಕಣ್ಣೂ ನಮ್ಮಲ್ಲಿ ಒಬ್ಬರ ಮಾನ ಹೋದ ಜಾಗ. ನಿಯಮ ಹದಿನೇಳು ನನ್ನದು, ಮಂತ್ರಿಗಳನ್ನು ನಾಲ್ಕನೇ ಮಹಡಿಗೆ ಕರೆದೊಯ್ಯಬೇಕಾದ ಲಿಫ್ಟು ನೆಲಮಾಳಿಗೆಯಲ್ಲಿ ಮುಕ್ಕಾಲು ಗಂಟೆ ಕೂಡಿಹಾಕಿದ್ದಕ್ಕೆ. ಓದಿ ಓದಿ ನಕ್ಕಿದ್ದೀರಿ ನೀವೆಲ್ಲ. ಅದರಿಂದಲೇ ಕಲಿತಿರಿ.

ನೀನು ನಿಯಮ ಉಳಿಸಿಕೊಂಡು ಸಹಿ ಅಳಿಸಿದ್ದೀಯ.

ಅಷ್ಟೇ ಆಗಿದ್ದರೆ ಎರಡು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆ. ನಿನ್ನ ಕಾಗದ ಬಂದ ದಿನ ಲ್ಯಾಬಿನಲ್ಲಿ ಕೂತು ನಿನ್ನ ಮೊರದ ನಿಯಮಗಳನ್ನು ಎಣಿಸಿದೆ. ನಲವತ್ತು. ಮತ್ತೆ ಎಣಿಸಿದೆ. ನಲವತ್ತೇ. ಆಮೇಲೆ ಆ ಹಳೆಯ ಲಿಫ್ಟ್ ಬಾಗಿಲಿನ ಪ್ರೋಗ್ರಾಮನ್ನು ನೆನಪಿನಿಂದ ಆರು ಸಾಲು ಬರೆದು ಮೊರಕ್ಕೆ ಕೊಟ್ಟೆ. ‘ದೋಷವಿಲ್ಲ’ ಎಂದಿತು. ದೋಷವಿಲ್ಲ. ಫಿಟ್ಟರಣ್ಣನ ಬಲಗೈಯ ನಾಲ್ಕು ಬೆರಳು ತಿಂದ ಪ್ರೋಗ್ರಾಮಿಗೆ ನಿನ್ನ ಮೊರ ಹಸಿರು ಗುರುತು ಹಾಕಿ ಕಳಿಸಿತು.

ಜರಡಿಯ ನಲವತ್ತೊಂದನೆಯ ನಿಯಮ ಎಲ್ಲಿ? ಅದರ ಕೆಳಗೆ ಯಾರ ಸಹಿ ಇತ್ತು ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಹಳೆಯ ಮನೆಗಳಿಗೆ ಪುಟ್ಟ ಲಿಫ್ಟು ಮಾಡುವ ಒಂದು ಕಂಪನಿ ಮೊರವನ್ನೇ ನಂಬಿಕೊಂಡಿದೆ ಎಂದು ಸಹಾಯಕಿ ಹೆಮ್ಮೆಯಿಂದ ಹೇಳುತ್ತಾಳೆ. ನಿನ್ನ ಮಾನ ಉಳಿಸಿಕೊಳ್ಳಲು ಇನ್ನು ಯಾರ ಕೈ ಬೇಕು ನಿನಗೆ?

ಗುಡುಗಮ್ಮ


ಮಾರ್ಚ್ 11

ಅಕ್ಕನವರಿಗೆ,

ನಲವತ್ತೊಂದು ಮೊರದಲ್ಲಿ ಇದೆ. ಮಲಗಿದೆ. ಬೇಕಾದವರು ಎಬ್ಬಿಸಿಕೊಳ್ಳಬಹುದು. ಈಗಿನ ಯಂತ್ರಗಳಲ್ಲಿ ಆ ತೊಂದರೆ ನೂರು ವರ್ಷಕ್ಕೊಮ್ಮೆಯೂ ಬರುವುದಿಲ್ಲ. ನಿಯಮ ಎಚ್ಚರವಾಗಿದ್ದಾಗ ಇಲ್ಲದ ಕಡೆಯಲ್ಲೆಲ್ಲ ಕೂಗಿಕೊಳ್ಳುತ್ತಿತ್ತು. ಮೊದಲ ತಿಂಗಳಲ್ಲೇ ಮುನ್ನೂರು ದೂರು. "ತೋಳ ಬಂತು ತೋಳ ಅನ್ನೋ ನಿಮ್ಮ ಟೂಲ್ ನಮಗೆ ಬೇಡ" ಎಂದು ಬಿಟ್ಟು ಹೋಗುತ್ತಿದ್ದರು. ಬಿಟ್ಟು ಹೋದರೆ ಉಳಿದ ನಲವತ್ತೂ ಅವರ ಕೈತಪ್ಪುತ್ತಿದ್ದವು. ಅದಕ್ಕೆ ಮಲಗಿಸಿದೆ. ಇದು ಲೆಕ್ಕಾಚಾರದ ತೀರ್ಮಾನ, ಮಾನದ ಪ್ರಶ್ನೆಯಲ್ಲ.

ನಿಮ್ಮ ಹೆಸರು ತೆಗೆದಿದ್ದೇನೆ.

ಆ ಟಿಪ್ಪಣಿಯ ಬಗ್ಗೆ ಮಾತ್ರ ಕೇಳಬೇಡಿ. ಹತ್ತೊಂಬತ್ತು ವರ್ಷ ಸುಮ್ಮನಿದ್ದೇನೆ. ನನ್ನನ್ನು ಸುಮ್ಮನಿರಲು ಬಿಡಿ.


ಮಾರ್ಚ್ 16

ಮುಗುಮ್ಮ,

ಸುಮ್ಮನಿರಲು ಬಿಡಬೇಕಂತೆ. ನಾನು ಬಿಡುತ್ತೇನೆ, ಫಿಟ್ಟರಣ್ಣನ ಕೈ ಬಿಡುತ್ತದೆಯೇ?

ನೀನು ಸಹಿ ಹಾಕಿ ಮರೆತೆ. ನಾನು ಮರೆಯಲಿಲ್ಲ. ಲಿಫ್ಟು ಓಡಿಸಿ ನೋಡುವ ಪರೀಕ್ಷೆಯ ಗೋಪುರದಲ್ಲಿ ಎರಡನೇ ಮಹಡಿಯ ಬಾಗಿಲಿನ ಚಿಲಕ ಸರಿಮಾಡುತ್ತ ಆ ಮನುಷ್ಯ ಕೈ ಒಳಗಿಟ್ಟಿದ್ದ. ಲಿಫ್ಟು ಹೊರಡುವ ಮುಂಚೆ ಎರಡು ಸೆಕೆಂಡು ಗಂಟೆ ಬಾರಿಸಬೇಕು, ಕೈ ಎಳೆದುಕೊಳ್ಳಲೆಂದೇ ಆ ಎರಡು ಸೆಕೆಂಡು. ಗಂಟೆ ಬಾರಿಸಲಿಲ್ಲ. ಲಿಫ್ಟು ಹೊರಟಿತು. ನಾನು ಮೆಟ್ಟಿಲು ಇಳಿದು ಓಡಿದಾಗ ಅವನ ಸ್ಪ್ಯಾನರು ಇನ್ನೂ ನೆಲದ ಮೇಲೆ ತಿರುಗುತ್ತಿತ್ತು.

ಎಣಿಕೆಯ ಗೂಡು ತುಂಬಿ ಚೆಲ್ಲಿತ್ತು. ಯಂತ್ರದ ಒಂದು ಗೂಡಿನಲ್ಲಿ ಇನ್ನೂರ ಐವತ್ತೈದರವರೆಗೆ ಮಾತ್ರ ಎಣಿಸಬಹುದು, ದಾಟಿದರೆ ಮತ್ತೆ ಸೊನ್ನೆ. ಕಾಲ ಇನ್ನೂರ ನಲವತ್ತಾಗಿತ್ತು, ಎರಡು ಸೆಕೆಂಡೆಂದರೆ ಇಪ್ಪತ್ತು ಎಣಿಕೆ ಕಾಯಬೇಕಿತ್ತು, ಗಡುವು ಇನ್ನೂರ ಅರವತ್ತಾಗುವ ಬದಲು ನಾಲ್ಕಾಯಿತು. ನಾಲ್ಕು ಯಾವಾಗಲೋ ಕಳೆದುಹೋಗಿದೆ ಎಂದುಕೊಂಡು ಪ್ರೋಗ್ರಾಮು ಮೋಟಾರಿಗೆ ‘ನಡೆ’ ಎಂದಿತು. ವಿಚಾರಣೆಗೆ ಬಂದವರು ಬಾಗಿಲಿನ ಪ್ರೋಗ್ರಾಮು ಯಾರದು ಎಂದರು. ನೀನು ಎದ್ದು ನಿಂತು ‘ನನ್ನದು’ ಎಂದೆ. ಅವತ್ತು ನಿನ್ನ ಮೇಲೆ ಸಿಟ್ಟಿನ ಜೊತೆಗೆ ಮರ್ಯಾದೆಯೂ ಹುಟ್ಟಿತ್ತು, ಹೇಳಿಬಿಡುತ್ತೇನೆ. ಒಪ್ಪಿಕೊಂಡನಲ್ಲ ಎಂದು.

ಆದರೂ ನಿನ್ನನ್ನು ಆ ಕೋಣೆಯಿಂದ ತೆಗೆದು ಎರಡು ವರ್ಷ ಬಿಡಿಭಾಗಗಳ ಪಟ್ಟಿ ಬರೆಯಲು ಹಾಕಿದವಳು ನಾನೇ. ಪಶ್ಚಾತ್ತಾಪವಿಲ್ಲ. ಆಸ್ಪತ್ರೆಗೆ ಹೋಗಿ ಫಿಟ್ಟರಣ್ಣನ ಹಾಸಿಗೆಯ ಪಕ್ಕ ನಿಂತು ಯಾರ ಕೆಲಸ ಎಂದು ಹೇಳಿದವಳೂ ನಾನೇ. ಅವನಿಗೆ ತಿಳಿಯುವ ಹಕ್ಕಿತ್ತು. ಇಂದಿಗೂ ವರ್ಷಕ್ಕೊಮ್ಮೆ ಅವನ ಮನೆಗೆ ಹೋಗುತ್ತೇನೆ. "ಆ ಮುಗುಮ್ಮ ಒಂದು ಸಲ ಬಂದು ಮುಖ ತೋರಿಸಿದ್ನಾ?" ಎಂದು ಕೇಳುತ್ತಾನೆ. ಇಲ್ಲ ಎನ್ನುತ್ತೇನೆ. ಅವನು ಬೈಯುತ್ತಾನೆ, ನಾನು ಕೇಳಿಸಿಕೊಂಡು ಬರುತ್ತೇನೆ.

ಆವತ್ತು ಎದ್ದು ನಿಂತವನು ಇವತ್ತು ಸಹಿ ಅಳಿಸಿಕೊಂಡು, ನಿಯಮಕ್ಕೆ ಹೊದಿಕೆ ಹೊದಿಸಿ ಮಲಗಿಸಿದ್ದಾನೆ. ಜಗತ್ತಿನ ಮುಂದೆ ಬಂದಾಗ ಬಣ್ಣ ಬದಲಾಯಿಸಿದ ಹೇಡಿ.

ಇನ್ನು ಹದಿನೈದು ದಿನ. ಅಷ್ಟರಲ್ಲಿ ನಲವತ್ತೊಂದು ಏಳದಿದ್ದರೆ, ಅದರ ಕೆಳಗೆ ನಿನ್ನ ಟಿಪ್ಪಣಿ ಬಾರದಿದ್ದರೆ, ಎಲ್ಲರಿಗೂ ತೆರೆದಿಟ್ಟಿದ್ದೀಯಲ್ಲ, ಆ ಪುಟದಲ್ಲೇ ನಾನು ಬರೆಯುತ್ತೇನೆ: ಈ ನಿಯಮ ಬರೆದವನು ಯಾರು, ಅಡಗಿಸಿದ್ದು ಯಾಕೆ. ನಿನ್ನ ಕಾಣದ ದೇಶದವರೂ ಓದಲಿ.

ಗುಡುಗಮ್ಮ


ಏಪ್ರಿಲ್ 21

ಅಕ್ಕನವರಿಗೆ,

ಹದಿನೈದು ದಿನ ಕೊಟ್ಟಿದ್ದಿರಿ. ಮೂವತ್ತಾರಾಯಿತು. ನೀವು ಇನ್ನೂ ಪುಟದಲ್ಲಿ ಬರೆದಿಲ್ಲ. ದಿನಾ ಬೆಳಿಗ್ಗೆ ತೆರೆದು ನೋಡುತ್ತಿದ್ದೆ. ಬರೆಯಲಿ ಎಂದು ಒಂದು ದಿನ ಅನ್ನಿಸುತ್ತಿತ್ತು, ದೇವರೇ ಬೇಡ ಎಂದು ಇನ್ನೊಂದು ದಿನ. ಕೊನೆಗೆ ಈ ಕಾಗದ. ಹೇಡಿ ಎಂಬ ಪದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಕೋಣೆಯ ಕಾಗದವೆಲ್ಲ ರದ್ದಿಗೆ ಹೋಯಿತು ಎಂದು ಬರೆದಿದ್ದೆ. ಎರಡು ಹಾಳೆ ಹೋಗಿರಲಿಲ್ಲ. ಅವುಗಳ ನಕಲು ಇದರೊಳಗಿದೆ. ಮೊದಲು ಅವನ್ನು ನೋಡಿ, ಆಮೇಲೆ ಮುಂದೆ ಓದಿ.

ಎರಡೂ ಬಾಗಿಲಿನ ಪ್ರೋಗ್ರಾಮಿನ ಅಚ್ಚು. ಅಪಘಾತದ ಹಿಂದಿನ ದಿನದ್ದು. ಮೊದಲನೆಯದು ಮಧ್ಯಾಹ್ನ ಮೂರಕ್ಕೆ ತೆಗೆದದ್ದು, ಪರೀಕ್ಷೆ ಪಾಸಾದ ಮುದ್ರೆ ಇದೆ. ಅದರಲ್ಲಿ ಕಾಲದ ಎಣಿಕೆಗೆ ನಾನು ಎರಡು ಗೂಡು ಕೊಟ್ಟಿದ್ದೇನೆ. ಎರಡನೆಯದು ಅದೇ ಸಂಜೆ ಆರೂವರೆಗೆ ತೆಗೆದದ್ದು. ಅದರಲ್ಲಿ ಒಂದೇ ಗೂಡು. ಹಾಳೆಯ ತಲೆಯ ಮೇಲೆ ಯಾರ ಗುರುತಿನಿಂದ ಅಚ್ಚಾಯಿತೆಂದು ಯಂತ್ರ ಹೊಡೆದಿರುತ್ತದೆ. ಓದಿಕೊಳ್ಳಿ.

ಆ ಕಾಲದಲ್ಲಿ ಗೂಡು ಉಳಿಸುವುದೆಂದರೆ ನಿಮಗೆ ಎಲ್ಲಿಲ್ಲದ ಹುಮ್ಮಸ್ಸು. "ಯಾವನೋ ಇಲ್ಲಿ ಎರಡು ಗೂಡು ಹಾಸಿಕೊಂಡು ಮಲಗಿದಾನೆ" ಎಂದು ರೇಗಿಸುತ್ತ ಹೋಗುವಾಗ ಬರುವಾಗ ಎಲ್ಲರ ಪ್ರೋಗ್ರಾಮಿಗೂ ಕತ್ತರಿ ಹಾಕುತ್ತಿದ್ದಿರಿ. ಅವತ್ತೂ ಹಾಕಿದಿರಿ. ಬದಲಾವಣೆಯ ಪುಸ್ತಕದಲ್ಲಿ ಬರೆಯಲಿಲ್ಲ. ಮನೆಗೆ ಹೋದಿರಿ. ಬೆಳಿಗ್ಗೆ ಆ ಕತ್ತರಿಸಿದ ಪ್ರೋಗ್ರಾಮೇ ಗೋಪುರಕ್ಕೆ ಹೋಯಿತು.

ನಾನು ಆ ಹಾಳೆಯನ್ನು ಕಂಡದ್ದು ಅಪಘಾತವಾದ ದಿನವೇ, ವಿಚಾರಣೆಗೆ ಅರ್ಧ ಗಂಟೆ ಮೊದಲು. ಸಿಟ್ಟಿನಿಂದ ನಿಮ್ಮ ಮೇಜಿನ ಹತ್ತಿರ ಬಂದೆ. ನೀವು ಅಳುತ್ತಿದ್ದಿರಿ. ನಿಮ್ಮ ಅಂಗಿಯ ತೋಳಿನ ಮೇಲೆ ಫಿಟ್ಟರಣ್ಣನ ರಕ್ತವಿತ್ತು. ಆ ದಿನಗಳಲ್ಲಿ ಜರಡಿಯ ಕೆಲಸ ನಿಲ್ಲಿಸಲು ಮ್ಯಾನೇಜರು ನೆಪ ಹುಡುಕುತ್ತಿದ್ದ. ನೀವು ಹೋದರೆ ಜರಡಿ ಹೋಗುತ್ತಿತ್ತು, ಇನ್ನೂ ಎಷ್ಟು ಕೈ ಹೋಗುತ್ತಿತ್ತೋ. ನಾನು ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ.

ನೀವು ಒಂದು ದಿನವಾದರೂ ಹಳೆಯ ಅಚ್ಚು ತೆಗೆದು ನೋಡುತ್ತೀರಿ, ತಿಳಿಯುತ್ತದೆ, ಕರೆಯುತ್ತೀರಿ ಎಂದುಕೊಂಡಿದ್ದೆ. ನೀವು ಕರೆದದ್ದು ಬಿಡಿಭಾಗಗಳ ಪಟ್ಟಿ ಬರೆಯಲು. ತಿರುಪು, ವಾಷರು, ತಿರುಪು. ಎರಡು ವರ್ಷ. ಫಿಟ್ಟರಣ್ಣನ ಹಾಸಿಗೆಯ ಪಕ್ಕ ನಿಂತು ನನ್ನ ಹೆಸರು ಹೇಳಿದಿರೆಂದು ನನಗೆ ಗೊತ್ತಾದದ್ದು ನಿಮ್ಮ ಹೋದ ಕಾಗದದಿಂದ.

ಮೊರವನ್ನು ಜಗತ್ತಿನ ಮುಂದಿಡುವಾಗ ನಲವತ್ತು ಟಿಪ್ಪಣಿಗಳೂ ನೆನಪಿದ್ದವು. ನಲವತ್ತೊಂದಕ್ಕೆ ಬಂದು ನಿಂತೆ. ನನ್ನ ಸಹಿ ಹಾಕಿದರೆ ಸುಳ್ಳು. ನಿಮ್ಮದು ಹಾಕಿದರೆ ಚಾಡಿ. ಒಂದನ್ನೇ ಬಿಟ್ಟರೆ ಯಾಕೆಂದು ಕೇಳುತ್ತಾರೆ. ಎಲ್ಲವನ್ನೂ ಬಿಟ್ಟೆ.

ಈಗ ಬರೆಯಿರಿ ಆ ಪುಟದಲ್ಲಿ. ಏನು ಬೇಕಾದರೂ ಬರೆಯಿರಿ.


ಏಪ್ರಿಲ್ 27

ಹಾಳೆ ತಲುಪಿತು. ನಾನು ಬರೆಯುವವರೆಗೆ ನೀನು ಬರೆಯಬೇಡ.


ಮೇ 24

ತಮ್ಮಾ,

ಹಾಳೆ ಸುಳ್ಳೆಂದು ಸಾಬೀತು ಮಾಡಲು ಒಂದು ವಾರ ಹೆಣಗಿದೆ. ಗುರುತು ಬೇರೆ ಯಾರೋ ಬಳಸಿರಬಹುದು ಎಂದೆ. ಗಡಿಯಾರ ತಪ್ಪಿರಬಹುದು ಎಂದೆ. ಆಮೇಲೆ ಆ ಸಾಲಿನ ಪಕ್ಕ ನಾನೇ ಬರೆದ ಮೂರು ಪದ ಕಂಡಿತು: ‘ಒಂದು ಗೂಡು ಲಾಭ’. ನನ್ನದೇ ಜಂಬ. ಬೇರೆ ಯಾರೂ ಹಾಗೆ ಬರೆಯುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಎರಡು ಗೂಡೂ ಸೋರುತ್ತಿತ್ತು. ಲೆಕ್ಕ ಹಾಕಿದೆ. ನನ್ನದು ಬಾಗಿಲು ಹಾಕಿದ ಹದಿಮೂರು ಸಲಕ್ಕೊಮ್ಮೆ ತಪ್ಪುತ್ತಿತ್ತು, ನಿನ್ನದು ಮೂರು ಸಾವಿರ ಸಲಕ್ಕೊಮ್ಮೆ. ಪರೀಕ್ಷೆಯಲ್ಲಿ ಸಿಗುತ್ತಿರಲಿಲ್ಲ, ಯಾರದೋ ಮನೆಯಲ್ಲಿ ಸಿಗುತ್ತಿತ್ತು. ಇದು ನನ್ನ ಹೊರೆ ಇಳಿಸಿಕೊಳ್ಳಲು ಹೇಳಿದ್ದಲ್ಲ. ನಿನ್ನ ಜೇಬಿನಲ್ಲಿದ್ದದ್ದು ಬರೀ ಪುಣ್ಯದ ಹಾಳೆ ಎಂದು ನೀನು ತಿಳಿದಿರಬಾರದು ಎಂದು.

ಮೊನ್ನೆ ಫಿಟ್ಟರಣ್ಣನ ಮನೆಗೆ ಹೋದೆ. ಸೊಸೆ ಬಾಗಿಲು ತೆಗೆದಳು. ಅವನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಎಡಗೈಯಲ್ಲಿ ತಿರುಪು ಬಿಗಿಯುತ್ತಿದ್ದ. ನಾನು ದಾರಿಯುದ್ದಕ್ಕೂ ದೊಡ್ಡ ಸಂಭಾಷಣೆ ಕಟ್ಟಿಕೊಂಡು ಹೋಗಿದ್ದೆ. ಒಳಗೆ ಹೋದ ಮೇಲೆ ಬಾಯಿಂದ ಬಂದದ್ದು ಒಂದೇ ಸಾಲು.

"ಆ ಕೆಲಸ ಮಾಡಿದ್ದು ನಾನು, ಫಿಟ್ಟರಣ್ಣ."

"ಯಾವ ಕೆಲಸ?"

"ಬೆರಳಿಂದು."

ಅವನು ತಿರುಪು ಬಿಗಿಯುವುದು ನಿಲ್ಲಿಸಲಿಲ್ಲ. "ಅದು ಆ ಮುಗುಮ್ಮಂದಲ್ವಾ? ಆಸ್ಪತ್ರೇಲಿ ನೀವೇ ಬಂದು ಹೇಳಿದ್ರಲ್ಲ ಮೇಡಂ."

"ತಪ್ಪು ಹೇಳಿದ್ದೆ."

"ಗೊತ್ತಿದ್ದು ಹೇಳಿದ್ರಾ, ಗೊತ್ತಿಲ್ದೆ ಹೇಳಿದ್ರಾ?"

"ಗೊತ್ತಿಲ್ದೆ."

"ಗೊತ್ತು ಮಾಡ್ಕೋಬೇಕು ಅಂತ ಅನ್ನಿಸ್ಲಿಲ್ವಾ?"

ಗುಡುಗಮ್ಮನ ಬಾಯಿ ಮುಚ್ಚಿತು ಎಂದು ನಿನ್ನ ದಿನಚರಿಯಲ್ಲಿ ಬರೆದುಕೋ. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ.

"ದಿನಾ ಬೆಳಿಗ್ಗೆ ಷರ್ಟಿನ ಗುಂಡಿ ಹಾಕ್ಕೊಳ್ಳೋವಾಗ ಅವನನ್ನ ಬೈದಿದೀನಿ ಮೇಡಂ. ಗುಂಡಿಗೆ ಒಂದರಂತೆ. ಹತ್ತೊಂಬತ್ತು ವರ್ಷ. ಆ ಬೈಗುಳಾನೆಲ್ಲ ಈಗ ಎಲ್ಲಿಗೆ ವಾಪಸ್ ಕರೀಲಿ?"

"ನನ್ನನ್ನ ಬೈಯಿ."

"ನಿಮ್ಮನ್ನ ಹೊಸದಾಗಿ ಶುರು ಮಾಡೋ ವಯಸ್ಸಲ್ಲ ನಂದು. ಟೀ ಕುಡ್ದು ಹೋಗಿ. ಮುಂದಿನ ವರ್ಷ ಬರ್ಬೇಡಿ."

ಟೀ ಕುಡಿದೆ. ಕುಡಿಯದಿದ್ದರೆ ಅದೂ ಒಂದು ನಾಟಕವಾಗುತ್ತಿತ್ತು.

ಈಗ ನಿನ್ನ ಸರದಿ. ಮೊದಲ ಕಾಗದದಲ್ಲಿ, ನೀನು ನನ್ನ ಕೆಲಸ ಕದ್ದೆ ಎಂಬಂತೆ ನಾನು ಬರೆದಿದ್ದೆ. ಅದು ಸುಳ್ಳು. ನೀನು ಕದ್ದದ್ದು ನನ್ನ ತಪ್ಪನ್ನು. ಅದು ನನ್ನದಾಗಿತ್ತು ಕಣೋ. ಅದನ್ನು ನಾನು ಆ ದಿನವೇ ಹೊತ್ತಿದ್ದರೆ ಫಿಟ್ಟರಣ್ಣ ನನ್ನನ್ನು ಬೈಯುತ್ತಿದ್ದ, ಬೈದು ಬೈದು ಎಂದಾದರೂ ಒಂದು ದಿನ ಸಾಕಾಗಿ ನಿಲ್ಲಿಸುತ್ತಿದ್ದನೇನೋ. ಆ ಹತ್ತೊಂಬತ್ತು ವರ್ಷ ನನಗೆ ಸಿಗದಂತೆ ನೀನು ಮಡಚಿ ಜೇಬಿಗಿಟ್ಟುಕೊಂಡೆ. ತ್ಯಾಗ ಮಾಡಿದ ನಾಯಕನ ಪಾತ್ರ ನಿನಗೆ ಬೇಕಿತ್ತು. ಜರಡಿ ಉಳಿಯಲಿ ಎಂದೆಯಲ್ಲ, ಸುಳ್ಳು ಸಹಿ ಹೊತ್ತ ಜರಡಿ ಉಳಿದು ಏನು ಮಾಡಿತು? ನಿನ್ನ ಕೈಯಲ್ಲೇ ಆ ನಿಯಮವನ್ನು ಮಲಗಿಸಿತು. ತಪ್ಪು ಸಹಿಯ ನೋವಿಲ್ಲದಿದ್ದರೆ, ಮುನ್ನೂರಲ್ಲ, ಮೂರು ಸಾವಿರ ದೂರು ಬಂದರೂ ನೀನು ಅದನ್ನು ಮಲಗಿಸುತ್ತಿರಲಿಲ್ಲ. ನಿನ್ನನ್ನು ನಾನು ಬಲ್ಲೆ ಎನ್ನಲು ಈಗ ನಾಚಿಕೆಯಾಗುತ್ತದೆ, ಆದರೂ ಇಷ್ಟು ಬಲ್ಲೆ.

ಬಿಡಿಭಾಗಗಳ ಪಟ್ಟಿಗೆ ನಿನ್ನನ್ನು ಹಾಕಿದ್ದು ಅನ್ಯಾಯ. ‘ಪಶ್ಚಾತ್ತಾಪವಿಲ್ಲ’ ಎಂದು ಬರೆದ ಸಾಲನ್ನು ವಾಪಸು ತೆಗೆದುಕೊಳ್ಳುತ್ತೇನೆ. ಕ್ಷಮೆ ಕೇಳುವಷ್ಟು ಸಿಟ್ಟು ಇನ್ನೂ ಇಳಿದಿಲ್ಲ.

ಇದರೊಳಗೆ ಬೇರೆ ಹಾಳೆಯಲ್ಲಿ ನಲವತ್ತೊಂದರ ಟಿಪ್ಪಣಿ ಇದೆ. ನಾಲ್ಕು ಸಾಲು, ನನ್ನ ಸಹಿ, ನನ್ನ ಪೂರ್ಣ ಹೆಸರು. ಒಂದು ಅಕ್ಷರ ಬದಲಿಸದೆ ಹಾಕು. ಮತ್ತೆ ನಿಯಮವನ್ನು ಎಬ್ಬಿಸು. ಇಲ್ಲದ ಕಡೆಯಲ್ಲೆಲ್ಲ ಕೂಗುತ್ತದೆ ಎಂದೆಯಲ್ಲ, ಅದಕ್ಕೆ ಮದ್ದು ಸುಲಭ: ಗೂಡು ಎಷ್ಟು ದೊಡ್ಡದು ಎಂದು ಮೊದಲು ನೋಡಲಿ. ದೊಡ್ಡದಾದರೆ ಸುಮ್ಮನಿರಲಿ, ಚಿಕ್ಕದಾದರೆ ಬಾಯಿ ಮುಚ್ಚಿಸಲು ಯಾರಿಗೂ ಗುಂಡಿ ಕೊಡಬೇಡ. ಇಷ್ಟು ಹೊಳೆಯಲಿಲ್ಲವೇ ನಿನಗೆ?

ಅಕ್ಕ


ಜೂನ್ 12

ಅಕ್ಕಾ,

ಟಿಪ್ಪಣಿ ಹಾಕಿದೆ. ಅಕ್ಷರ ಬದಲಿಸಿಲ್ಲ. ಉಳಿದವುಗಳಲ್ಲಿ ಇಪ್ಪತ್ತಾರನ್ನು ನೆನಪಿನಿಂದ ಬರೆದು ಹಾಕಿದ್ದೇನೆ, ಯಾರು ಬರೆದದ್ದೆಂದು ಅಡ್ಡಹೆಸರಿನ ಸಮೇತ. ಹದಿನಾಲ್ಕು ಸರಿಯಾಗಿ ನೆನಪಾಗುತ್ತಿಲ್ಲ. ಎಲ್ಲವೂ ನೆನಪಿದ್ದವು ಎಂದು ಹೋದ ಕಾಗದದಲ್ಲಿ ಬರೆದದ್ದು ಜಂಬ. ಪಟ್ಟಿ ಕಳಿಸುತ್ತೇನೆ, ನೀವು ತುಂಬಿ.

ಗೂಡಿನ ಅಳತೆ ನೋಡುವುದು ಹೊಳೆಯಲಿಲ್ಲ. ಆ ನಿಯಮವನ್ನು ತೆರೆದು ನೋಡಲೇ ನನಗೆ ಮನಸ್ಸಿರಲಿಲ್ಲ. ನೀವು ಹೇಳಿದ ಕಾರಣ ಸರಿಯೋ ಎಂದು ನಾಲ್ಕು ದಿನ ಜಗಳವಾಡಿದೆ, ನನ್ನ ಜೊತೆಗೇ. ನಿಮ್ಮ ಟಿಪ್ಪಣಿಯ ಕೆಳಗೆ ನನ್ನದೂ ಒಂದು ಸಾಲು ಸೇರಿಸಿದ್ದೇನೆ: "ಈ ನಿಯಮವನ್ನು ಹದಿನೆಂಟು ತಿಂಗಳು ಮಲಗಿಸಿಟ್ಟವನು ನಾನು." ಸಹಿ ಇದೆ.

ಹೊಸ ಆವೃತ್ತಿಯನ್ನು ಸೋಮವಾರ ಬಿಟ್ಟೆ. ಮಂಗಳವಾರ ಬೆಳಿಗ್ಗೆ ಆ ಪುಟ್ಟ ಲಿಫ್ಟಿನ ಕಂಪನಿಯ ಎಂಜಿನಿಯರು ಫೋನು ಮಾಡಿದ. ತುಂಬ ವಿನಯದ ಮನುಷ್ಯ.

"ಸಾರ್, ನಿಮ್ಮ ಹೊಸ ಮೊರ ನಮ್ಮ ಪ್ರೋಗ್ರಾಮಲ್ಲಿ ಹನ್ನೊಂದು ಕಡೆ ನಿಂತುಬಿಡ್ತಿದೆ. ಹಳೇದು ಚೆನ್ನಾಗಿತ್ತು. ಈ ನಲವತ್ತೊಂದನ್ನ ಆಫ್ ಮಾಡೋದು ಹೇಗೆ?"

"ಎಣಿಕೆಗೆ ಎಷ್ಟು ಗೂಡು ಕೊಟ್ಟಿದೀರಿ?"

"ಒಂದು ಸಾರ್. ಚಿಪ್ ಚಿಕ್ಕದು, ಜಾಗ ಉಳಿಸ್ಬೇಕಲ್ಲ."

"ಹನ್ನೊಂದರಲ್ಲಿ ಬಾಗಿಲಿಂದು ಎಷ್ಟು?"

ಅವನು ಎಣಿಸಿದ. ಫೋನಿನಲ್ಲಿ ಅವನು ಪುಟ ಸರಿಸುವ ಸದ್ದು ಕೇಳುತ್ತಿತ್ತು. "ಎರಡು ಸಾರ್."

"ಈ ಪ್ರೋಗ್ರಾಮಿರೋ ಲಿಫ್ಟು ಈಗ ಎಲ್ಲಿವೆ?"

"ಮೂರು ಮನೇಲಿ ಓಡ್ತಾ ಇವೆ. ಏನೂ ತೊಂದ್ರೆ ಇಲ್ಲ ಸಾರ್, ಹೋದ ತಿಂಗಳು ಹಾಕಿದ್ದು."

ನಾನು ಜೀವಮಾನದಲ್ಲಿ ಯಾರ ಮೇಲೂ ಕೂಗಿದವನಲ್ಲ, ನಿಮಗೆ ಗೊತ್ತು. ಆಗ ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಬಂದು ಬಾಗಿಲಲ್ಲಿ ನಿಂತರು. ಮೂರು ಮನೆಗೂ ಈಗಲೇ ಫೋನು ಮಾಡು, ಕರೆಂಟು ತೆಗೆಸು, ತೆಗೆಸಿ ಆದ ಮೇಲೆ ನನಗೆ ಹೇಳು, ಅಲ್ಲಿಯವರೆಗೆ ಈ ಫೋನು ಇಡಬೇಡ ಎಂದೆ. ಅವನು ಇನ್ನೊಂದು ಫೋನಿನಲ್ಲಿ ಮಾಡಿದ. ಒಂದನೇ ಮನೆ, ಎರಡನೇ ಮನೆ. ಮೂರನೆಯವರು ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಕೊನೆಗೆ ಒಬ್ಬರು ಎತ್ತಿ, ಲಿಫ್ಟಿನಲ್ಲಿ ಅಜ್ಜಿ ಕೆಳಗಿಳಿಯುತ್ತಿದ್ದಾರೆ, ಇಳಿದ ಮೇಲೆ ತೆಗೆಯುತ್ತೇವೆ ಎಂದರು. ನಾವಿಬ್ಬರೂ ಫೋನು ಹಿಡಿದುಕೊಂಡು ಆ ಅಜ್ಜಿ ಇಳಿಯುವುದನ್ನು ಕಾದೆವು.

ಇಳಿದರು. ಕರೆಂಟು ತೆಗೆದರು.

ನಿಮ್ಮ ಮೇಲಿನ ಸಿಟ್ಟು ನನಗೂ ಇಳಿದಿಲ್ಲ ಅಕ್ಕಾ. ಫಿಟ್ಟರಣ್ಣನ ವಿಳಾಸ ಕಳಿಸಿ. ನಿಮ್ಮನ್ನು ಬರಬೇಡ ಎಂದಿದ್ದಾರೆ, ನನ್ನನ್ನು ಎಂದಿಲ್ಲ.